ಉಲನ್ ಮಾರಲಾರದ ಮಾಮಾ

ನಮ್ಮ ಮಾಮಾ ತೀರಿಕೊಂಡಾಗ ಮಾತಾಡಿಸಲು ಬಂದವರೆಲ್ಲ ಅವರನ್ನು ದೇವರಂಥ ಮನುಷ್ಯ ಎಂದು ಹೊಗಳಿ, ಚಹಾ ಕುಡಿದು ಹೋದರು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಹೊಗಳಿದವರಲ್ಲಿ ಒಬ್ಬರೂ ಆ ದೇವರ ಜೊತೆ ಒಂದೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅಂಗಡಿ ನಡೆಸಿದವರಲ್ಲ. ನಡೆಸಿದವನು ನಾನು. ಅವರು ಹೋಗಿ ಇಷ್ಟು ತಿಂಗಳಾದರೂ ಅವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಬರೆದರಾದರೂ ಇಳಿದೀತೇನೋ ಎಂದು ಕೂತಿದ್ದೇನೆ.

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಬೈಲಹೊಂಗಲದ ಬಜಾರಿನಲ್ಲಿ ಅವರ ತಂದೆಯ ಕಾಲದ ಬಟ್ಟೆ ಅಂಗಡಿ ಇತ್ತು. ಧೋತರ, ಟಾವೆಲ್ಲು, ಕುಬಸದ ಖಣ, ಶಾಲೆ ಮಕ್ಕಳ ಯೂನಿಫಾರ್ಮ್ ಬಟ್ಟೆ, ಇವೆಲ್ಲ ಎಡಗಡೆ. ಬಲಗಡೆ ಉಲನ್. ರಾಮದುರ್ಗದಲ್ಲಿ ಬಿ.ಕಾಂ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನ್ನನ್ನು ಅಪ್ಪ ಇಲ್ಲಿಗೆ ಕಳಿಸಿದಾಗ ಹೇಳಿದ್ದು ಇಷ್ಟೇ: "ಮಾಮಾನ ಕೈಯಾಗ ಯಾಪಾರ ಕಲಿ." ವ್ಯಾಪಾರ ಕಲಿಸಲು ಊರಿನಲ್ಲಿ ಅವರಷ್ಟು ನಾಲಾಯಕ್ ಮನುಷ್ಯ ಇನ್ನೊಬ್ಬ ಇರಲಿಲ್ಲ ಎಂಬುದು ಪಾಪ, ಅಪ್ಪನಿಗೆ ಗೊತ್ತಿರಲಿಲ್ಲ.

ಸಣ್ಣ ಆಳು. ಬಿಳಿ ಅಂಗಿ, ಬಿಳಿ ಪಾಯಜಾಮ. ಬೇರೆ ಅಂಗಡಿಕಾರರು ಕಿಸೆಯಲ್ಲಿ ಪೆನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಇವರು ಹೆಣಿಕೆಯ ಸೂಜಿ ಸಿಕ್ಕಿಸಿಕೊಳ್ಳುತ್ತಿದ್ದರು. ಲೆಕ್ಕ ಬರೆಯಬೇಕಾದಾಗ ಪೆನ್ನು ಹುಡುಕುವುದು ನನ್ನ ಕೆಲಸ. ಬೆಳಿಗ್ಗೆ ಅಂಗಡಿಗೆ ಬಂದು, ದೇವರಿಗೆ ಊದಿನಕಡ್ಡಿ ಹಚ್ಚಿ, ಗಾದಿಯ ಮೇಲೆ ಕಾಲು ಮಡಚಿ ಕೂತರೆಂದರೆ ಕೈಯಲ್ಲಿ ಹೆಣಿಕೆ ಶುರು. ಗಿರಾಕಿ ಬಂದು ಎದುರಿಗೆ ನಿಂತರೆ ಕಣ್ಣೆತ್ತದೆ ಒಂದು ಬೆರಳು ಮೇಲೆ ಮಾಡುತ್ತಿದ್ದರು. "ಸಾಲು ಮುಗೀಲ್ರಿ." ಸಾಲು ಮುಗಿಯುವವರೆಗೆ ಗಿರಾಕಿ ನಿಲ್ಲಬೇಕು. ನಿಲ್ಲುವವರು ನಿಲ್ಲುತ್ತಿದ್ದರು, ಉಳಿದವರು ಎದುರಿನ ಅಂಗಡಿಗೆ ಹೋಗುತ್ತಿದ್ದರು. ಎದುರಿನ ಅಂಗಡಿಯವರು ಎರಡು ಅಂತಸ್ತು ಎಬ್ಬಿಸಿದ್ದು ನಮ್ಮ ಮಾಮಾನ ಸಾಲುಗಳ ಮೇಲೆಯೇ ಎಂದು ನಾನು ಈಗಲೂ ನಂಬಿದ್ದೇನೆ.

ಗಂಡಸಾಗಿ ಇದನ್ನೆಲ್ಲಿ ಕಲಿತರು ಎಂದು ಎಲ್ಲರೂ ಕೇಳುತ್ತಿದ್ದರು. ಸಣ್ಣವರಿದ್ದಾಗ ಹುಣಸೆಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದರಂತೆ. ತಿಂಗಳುಗಟ್ಟಲೆ ಹಾಸಿಗೆ. ಪಕ್ಕದ ಮನೆಯಲ್ಲಿ ದಿಲ್ಲಿ ಕಡೆಯಿಂದ ವರ್ಗವಾಗಿ ಬಂದ ಪೋಸ್ಟ್ ಮಾಸ್ತರರ ಸಂಸಾರ ಇತ್ತು. ಹುಡುಗನ ರಗಳೆ ತಾಳಲಾರದೆ ಆ ಮನೆಯಾಕೆ ಅವನ ಕೈಗೆ ಎರಡು ಸೂಜಿ, ಒಂದು ಉಂಡೆ ಉಲನ್ ಕೊಟ್ಟು ಕೂಡಿಸಿದಳು. ಕಾಲು ಸರಿಹೋಯಿತು, ಆ ಸಂಸಾರ ಊರು ಬಿಟ್ಟಿತು. ಸೂಜಿ ಮಾತ್ರ ಇವರ ಕೈಬಿಡಲಿಲ್ಲ. "ಹೆಂಗಸರ ಕೆಲಸ ಮಾಡ್ತೀರಲ್ರಿ" ಎಂದು ಬಜಾರಿನವರು ಚಾಷ್ಟಿ ಮಾಡಿದರೆ, "ನಿಮಗ ಬರತೈತೇನು?" ಎಂದು ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳುತ್ತಿದ್ದರು. ಬರುವುದಿಲ್ಲ ಎಂದರೆ, "ಕಲಿಸ್ಲೇನು?" ಎನ್ನುತ್ತಿದ್ದರು. ಆಮೇಲೆ ಯಾರೂ ಚಾಷ್ಟಿಗೆ ಹೋಗುತ್ತಿರಲಿಲ್ಲ.

ಹೆಣೆಯಲಿ, ಯಾರು ಬೇಡ ಅಂದರು? ನನ್ನ ತಕರಾರು ಹೆಣಿಕೆಯದಲ್ಲ, ಉಲನ್ನಿನದು. ನಮ್ಮ ಕಡೆ ಚಳಿಯೆಂದರೆ ದೀಪಾವಳಿಯಿಂದ ಸಂಕ್ರಮಣದವರೆಗೆ, ಅದೂ ಬೆಳಗಿನ ಹೊತ್ತು, ಒಂದು ಶಾಲು ಹೊದೆಯುವಷ್ಟು. ಇಂಥ ಊರಿಗೆ ಆ ಮನುಷ್ಯ ಲುಧಿಯಾನಾದಿಂದ ಪಾರ್ಸೆಲ್ ತರಿಸುತ್ತಿದ್ದರು. ಪರಿಚಯದವರು ಯಾರಾದರೂ ಕಾಶಿ, ಕೇದಾರಕ್ಕೆ ಹೊರಟರೆ ಇವರು ಹಿಂದಿನ ದಿನವೇ ಹೋಗಿ ಉಲನ್ನಿಗೆ ಹೇಳಿಬರುತ್ತಿದ್ದರು. ಉಳಿದವರಿಗೆ ಗಂಗಾಜಲ ಬರುತ್ತಿತ್ತು, ಇವರಿಗೆ ಉಲನ್ ಬರುತ್ತಿತ್ತು. ಸೂಜಿಗಳೋ, ಬಿದಿರಿನವು, ಸ್ಟೀಲಿನವು, ಪ್ಲಾಸ್ಟಿಕ್ಕಿನವು, ನಡುವೆ ವಾಯರಿನಂಥ ದಾರವಿದ್ದು ಎರಡೂ ತುದಿಗೆ ಮೊನೆಯಿದ್ದವು. ಅಕ್ಕ ಅಡುಗೆಮನೆಯಲ್ಲಿ ಉದ್ದಿನಬೇಳೆ ಡಬ್ಬಿ ತೆಗೆದರೆ ಅದರಲ್ಲಿ ಗುಂಡಿ. ಕೋಡಬಳೆ ಡಬ್ಬಿಯಲ್ಲಿ ಅಳತೆಯ ಟೇಪು. ಯಾಕೆ ಮತ್ತೆ ತಂದಿರಿ ಎಂದು ಯಾರು ಕೇಳಿದರೂ ಒಂದೇ ಉತ್ತರ: "ಇದ ಬಣ್ಣ ಮತ್ತ ಬರೂದಿಲ್ಲ, ತಮ್ಮಾ." ಒಂದು ಸಲ ಬಣ್ಣ ಹಾಕಿದ ಪಾಕದಲ್ಲಿ ಬಂದ ಛಾಯೆ ಇನ್ನೊಂದು ಸಲ ಬರುವುದಿಲ್ಲವಂತೆ. ಬರದಿದ್ದರೆ ಬೈಲಹೊಂಗಲದಲ್ಲಿ ಯಾರಿಗೆ ಏನು ನಷ್ಟ ಎಂದು ಕೇಳಿದರೆ, ನನ್ನನ್ನು ಮರುಕದಿಂದ ನೋಡುತ್ತಿದ್ದರು.

ತಂದದ್ದನ್ನು ಮಾರಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮಾರುತ್ತಿರಲಿಲ್ಲ. ಉಲನ್ ಕೇಳಲು ಬಂದ ಹೆಂಗಸರಿಗೆ ಮೊದಲು ಪರೀಕ್ಷೆ. "ಏನ್ ಮಾಡ್ತೀರಿ ಇದರಾಗ?" ಟಿವಿ ಮೇಲೆ ಹೊದಿಸಲು ಎಂದರೆ ಸ್ಟಾಕ್ ಇಲ್ಲ. ಬಾಗಿಲ ತೋರಣಕ್ಕೆ ಎಂದರೆ ಒರಟು ಉಲನ್ ಇದ್ದ ಕೆಳಗಿನ ಖಾನೆ ತೋರಿಸುವುದು. "ಆ ಮ್ಯಾಲಿನ ನೀಲಿ ಕೊಡ್ರಿ" ಎಂದು ಅವರು ಬೆರಳು ಮಾಡಿದರೆ, ತಮ್ಮ ಹಿಂದೆಯೇ ರಾಶಿ ಕಾಣುತ್ತಿದ್ದರೂ "ಖಾಲಿ ಆಗೇತ್ರಿ" ಎಂದುಬಿಡುವುದು. ಸುಳ್ಳು ಹೇಳುವಾಗ ಮುಖ ಕೆಂಪಾಗುತ್ತಿತ್ತು. ಆದರೂ ಹೇಳುತ್ತಿದ್ದರು.

ಒಂದು ದಿನ ಅವರು ಬ್ಯಾಂಕಿಗೆ ಹೋಗಿದ್ದಾಗ ಸವದತ್ತಿಯ ಒಬ್ಬ ಶಿಕ್ಷಕಿ ಬಂದರು. ಶಾಲೆಯ ಪ್ರದರ್ಶನಕ್ಕೆ ಗೊಂಬೆ ಮಾಡಬೇಕು, ಆ ಹಳದಿ ಕೊಡಿ ಎಂದರು. ನಾನು ಖುಷಿಯಿಂದ ಕೊಟ್ಟೆ. ನಾನು ಅಂಗಡಿ ಸೇರಿದ ಮೇಲೆ ಮೇಲಿನ ಖಾನೆಯಿಂದ ಇಳಿದ ಮೊದಲ ಮಾಲು ಅದು. ಮಾಮಾ ಬಂದವರೇ ಚಪ್ಪಲಿ ಬಿಡುವ ಮೊದಲೇ ಮೇಲೆ ನೋಡಿದರು.

"ಹಳದಿ ಎಲ್ಲಿ?"

"ಮಾರಿದೆ."

"ಯಾರಿಗೆ?"

"ಒಬ್ಬ ಟೀಚರಿಗೆ. ಗೊಂಬಿ ಮಾಡತಾರಂತ."

"ಗೊಂಬಿ!" ಎಂದರು, ಮನೆಯ ಮಗಳನ್ನು ಕುಡುಕನಿಗೆ ಕೊಟ್ಟೆನೇನೋ ಎಂಬಂತೆ. ಹಾಗೆಯೇ ತಿರುಗಿ ಬಸ್ ಸ್ಟ್ಯಾಂಡಿನ ಕಡೆ ಓಡಿದರು. ಓಡುವ ವಯಸ್ಸಲ್ಲ, ಹಿಂದೆ ಮುರಿದ ಕಾಲು ಬೇರೆ. ಸವದತ್ತಿ ಬಸ್ಸು ಹೊರಟೇಬಿಟ್ಟಿತ್ತು, ಹತ್ತಿಬಿಟ್ಟರು. ಆ ಶಿಕ್ಷಕಿಯ ಪಕ್ಕದಲ್ಲಿ ನಿಂತು, ಕೈಮುಗಿದು, ತಮ್ಮ ಹುಡುಗ ತಪ್ಪಿ ಬೇರೆಯವರ ಆರ್ಡರಿನ ಮಾಲು ಕೊಟ್ಟಿದ್ದಾನೆ ಎಂದು ಹೇಳಿ, ದುಡ್ಡು ವಾಪಸು ಕೊಟ್ಟು, ಉಲನ್ ಇಸಕೊಂಡು, ದಾರಿಯ ಯಾವುದೋ ಹಳ್ಳಿಯಲ್ಲಿ ಇಳಿದು, ಸಂಜೆ ಯಾರದೋ ಟ್ರ್ಯಾಕ್ಟರಿನಲ್ಲಿ ಕೂತು ಬಂದರು. ಅಂಗಿಯೊಳಗೆ ಎದೆಗೆ ಹಳದಿ ಉಂಡೆಗಳು. ಮೈತುಂಬ ಧೂಳು. ಒಂದೊಂದನ್ನೇ ಒರೆಸಿ ಮೇಲಿಟ್ಟು, "ನೀ ಇನ್ನ ಮ್ಯಾಲೆ ಎಡಗಡೀದು ಅಷ್ಟ ನೋಡು ತಮ್ಮಾ" ಎಂದರು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಅವರ ಜೊತೆ ಜಗಳವಾಡಲೂ ಬರುತ್ತಿರಲಿಲ್ಲ, ಅದೊಂದು ದೊಡ್ಡ ಕಷ್ಟ.

ಉಲನ್ನಿಗೆ ನಮ್ಮಲ್ಲಿ ನಿಜವಾದ ವ್ಯಾಪಾರವೆಂದರೆ ಕಾರಹುಣ್ಣಿಮೆಯ ಮುಂಚಿನ ವಾರ. ಎತ್ತಿನ ಕೋಡಿಗೆ, ಕೊರಳಿಗೆ ಗೊಂಡೆ ಕಟ್ಟಲು ರೈತರು ಬಣ್ಣಬಣ್ಣದ ಉಲನ್ ಒಯ್ಯುತ್ತಾರೆ. ಆ ವಾರಕ್ಕೆಂದೇ ನಾನು ಅಗ್ಗದ ಒರಟು ಉಲನ್ ಚೀಲಗಟ್ಟಲೆ ತರಿಸಿ ಮುಂದೆ ಸುರಿದಿಡುತ್ತಿದ್ದೆ. ಒಂದು ವರ್ಷ ಹಬ್ಬದ ಹಿಂದಿನ ದಿನ, ನಿಲ್ಲಲು ಜಾಗವಿಲ್ಲದಷ್ಟು ಗಿರಾಕಿಗಳಿದ್ದಾಗ, ತೊರಗಲ್ ಕಡೆಯ ಒಬ್ಬ ರೈತ ಮುಂದಿನ ರಾಶಿ ಬಿಟ್ಟು ಮೇಲೆ ಬೆರಳು ಮಾಡಿದ.

"ಆ ಕೆಂಪು ತಗೀರಿ."

"ಅದು ಎತ್ತಿಗಲ್ರಿ," ಎಂದರು ಮಾಮಾ.

"ಯಾಕ?"

"ಅದು ಬಾಳ ಮೆತ್ತಂದೈತಿ. ಎತ್ತು ಸಗಣ್ಯಾಗ ಮಲಗತೈತಿ."

"ನಮ್ಮ ಎತ್ತು ಎಲ್ಲಿ ಮಲಗತೈತಿ ಅಂತ ನೀವು ಯಾವಾಗ ನೋಡೀರಿ?" ಎಂದ ಆ ಮನುಷ್ಯ. "ವರ್ಷಾನಗಟ್ಲೆ ನಮಗಾಗಿ ದುಡದೈತಿ. ಅದಕ್ಕ ಮೆತ್ತಂದು ಕಟ್ಟಬಾರದೇನು?"

ನಾನಂತೂ ಒಳಗೊಳಗೇ ಆ ರೈತನಿಗೆ ಕೈ ಮುಗಿದೆ. ಮಾಮಾ ಸೂಜಿ ಕೆಳಗಿಟ್ಟರು. ಸಾಲಿನ ನಡುವೆ ಅವರು ಸೂಜಿ ಕೆಳಗಿಟ್ಟದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

"ಎತ್ತು ಯಾವ ಬಣ್ಣದ್ದು?"

"ಬೂದಿ ಬಣ್ಣ. ಕೊರಳ ಹತ್ರ ಕಪ್ಪಗೈತಿ."

"ಬೂದಿ ಬಣ್ಣಕ್ಕ ಬರೇ ಕೆಂಪು ಚೊಲೋ ಕಾಣೂದಿಲ್ರಿ. ನಡುವ ಬಿಳೀದು ಬೇಕು. ಕುಂತ್ರಿ."

ಕೂಡಿಸಿಬಿಟ್ಟರು. ಕೂಡಿಸಿ, ಮೇಲಿನ ಕೆಂಪು ಇಳಿಸಿ, ಬಿಳಿ ಇಳಿಸಿ, ಎತ್ತಿನ ಕೋಡು ಎಷ್ಟು ಅಗಲ, ಕೊರಳು ಎಷ್ಟು ದಪ್ಪ ಎಂದು ವಿಚಾರಿಸುತ್ತ ಗೊಂಡೆ ಕಟ್ಟಲು ತಾವೇ ಕೂತರು. ಮಧ್ಯಾಹ್ನವೆಲ್ಲ ಅದೇ ಕೆಲಸ. ಇಬ್ಬರೂ ಎತ್ತಿನ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ನಾನೊಬ್ಬನೇ ಎಷ್ಟು ಜನಕ್ಕೆ ತೂಗಿ ಕೊಡಲಿ? ವರ್ಷಕ್ಕೊಮ್ಮೆ ಬರುವ ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಅಂಗಡಿಗೆ ದಾಟಿದರು. ಗೊಂಡೆ ಚೆನ್ನಾಗಿತ್ತು, ಇಲ್ಲ ಎನ್ನಲಾರೆ. ಅದನ್ನು ತೊಟ್ಟ ಎತ್ತನ್ನು ನಾನು ನೋಡಲಿಲ್ಲ. ಮಾಮಾ ಮಾತ್ರ ಮರುದಿನ ಅಂಗಡಿ ನನ್ನ ಮೇಲೆ ಬಿಟ್ಟು ತೊರಗಲ್ಲಿಗೆ ಹೋಗಿ ನೋಡಿಬಂದರು.

ಅಂಗಡಿಯ ಬಲಗಡೆ ತುಂಬಿ ಎಡಗಡೆಗೆ ಬರತೊಡಗಿದಾಗ ನಾನು ಅಡ್ಡಗಟ್ಟಿದೆ. ಆಗ ಉಲನ್ ಮನೆಗೆ ಹೋಗತೊಡಗಿತು. ಮನೆಯಲ್ಲಿ ಒಂದು ಕೋಣೆ ಇತ್ತು, ನಡುಮನೆಯ ಪಕ್ಕದ್ದು, ಗಾಳಿ ಬೆಳಕು ಬರುವ ಕೋಣೆ. ಮೊದಲು ಅದರ ಮಂಚದ ಕೆಳಗೆ, ಆಮೇಲೆ ಮಂಚದ ಮೇಲೆ, ಕೊನೆಗೆ ಮಂಚವೇ ಕಾಣದಾಯಿತು. ಅಕ್ಕ ಗೊಣಗುತ್ತಿದ್ದಳು, ತೆಗೆದು ಎಸೆಯುತ್ತಿರಲಿಲ್ಲ. ಎಸೆಯಬೇಕಾದ ದಿನ ಬಂದದ್ದು ಅವರ ಒಬ್ಬಳೇ ಮಗಳು ಚೊಚ್ಚಲು ಬಾಣಂತನಕ್ಕೆ ತವರಿಗೆ ಬರುವಾಗ. ಆ ಕೋಣೆ ಬಿಟ್ಟರೆ ಬಾಣಂತಿಯನ್ನು ಮಲಗಿಸಲು ಬೇರೆ ಜಾಗವಿರಲಿಲ್ಲ.

"ಮಗಳು ಬರತಾಳ. ಕ್ವಾಣಿ ಖಾಲಿ ಮಾಡ್ರಿ," ಎಂದು ಅಕ್ಕ ಸೀಮಂತಕ್ಕೂ ಮೊದಲಿನಿಂದ ಹೇಳುತ್ತಲೇ ಇದ್ದಳು. ಮಾಮಾ "ಹೂಂ" ಎನ್ನುತ್ತಲೇ ಇದ್ದರು. ಮಗಳು ತುಂಬಿದ ಹೊಟ್ಟೆ ಹೊತ್ತು ಬಂದು, ಬಾಗಿಲು ತೆಗೆದು, ನೆಲದಿಂದ ಮಾಡಿನವರೆಗಿನ ರಾಶಿ ನೋಡಿ, ಬ್ಯಾಗು ಅಲ್ಲೇ ಇಟ್ಟು ಅತ್ತುಬಿಟ್ಟಳು.

"ಅಪ್ಪಾ, ನಿಮ್ಮ ಉಲನ್ ಒಳಗ ಇರಲಿ, ನಾ ಹೊರಗ ಮಲಗತೇನಿ."

ಅಷ್ಟರಲ್ಲಿ ನನಗೂ ಲಗ್ನವಾಗಿ, ಅದೇ ಊರಿನಲ್ಲಿ ಬೇರೆ ಮನೆ ಮಾಡಿದ್ದೆ. ಅವತ್ತೇ ಮಾಮಾ ನನ್ನ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಮೇಲೆ ನೋಡಿದರು. ನಮ್ಮ ಮನೆಗೆ ಅಟ್ಟ ಇತ್ತು. ಅದರಲ್ಲಿ ಹೆಂಡತಿ ಹಪ್ಪಳ, ಸಂಡಿಗೆ, ವರ್ಷದ ಜೋಳ ಇಡುತ್ತಿದ್ದಳು. ಸಂಜೆಯೊಳಗೆ ಜೋಳ ಕೆಳಗಿಳಿಯಿತು, ಉಲನ್ ಮೇಲೇರಿತು. ಟಂಟಂ ಗಾಡಿಯಲ್ಲಿ ಚೀಲ ಹೇರಿಕೊಂಡು ಬಂದು, ಏಣಿ ಹತ್ತಿ ಇಳಿದು, ನನ್ನ ಬೆನ್ನು ಬಿದ್ದುಹೋಯಿತು. ಮಾಮಾ ಕೆಳಗೆ ನಿಂತು, ಬಿಳಿಯ ಮೇಲೆ ಕೆಂಪು ಇಡಬೇಡ, ಹೆಂಚಿನ ಹತ್ತಿರ ಒತ್ತಬೇಡ, ಉಸಿರಾಡಲು ಜಾಗ ಬಿಡು ಎನ್ನುತ್ತಿದ್ದರು. ಉಲನ್ನಿಗೆ ಉಸಿರಾಡಲು! ನನಗೆ ಏದುಸಿರು ಬರುತ್ತಿತ್ತು.

"ಬಾಣಂತನ ಮುಗಿಯೂತನಾ ಅಷ್ಟ, ತಂಗಿ," ಎಂದರು ನನ್ನ ಹೆಂಡತಿಗೆ.

"ಇರಲಿ ಬಿಡ್ರಿ ಅಣ್ಣಾರ," ಎಂದಳು ಅವಳು. ಅವರು ಹೋದ ಮೇಲೆ ನನಗೆ ಏನೆಂದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಬಾಣಂತನ ಮುಗಿಯಿತು. ಮಗಳು ಗಂಡನ ಮನೆಗೆ ಹೋದಳು. ಉಲನ್ ಮಾತ್ರ ಇಳಿಯಲಿಲ್ಲ. ಬದಲಿಗೆ ಮಾಮಾ ಪ್ರತಿ ರವಿವಾರ ನಮ್ಮ ಮನೆಗೆ ಬರತೊಡಗಿದರು. "ಹೆಂಗೈತಿ ನೋಡಿ ಹೋಗ್ತೇನಿ" ಎಂದು ಏಣಿ ಹತ್ತಿ, ಅಟ್ಟದಲ್ಲಿ ಬಹಳ ಹೊತ್ತು ಕೂತು, ಇಳಿದು ಚಹಾ ಕುಡಿದು ಹೋಗುವುದು. ಬರುವಾಗ ಕೈಯಲ್ಲಿ ಚೀಲ ಇರುತ್ತಿತ್ತು, ಹೋಗುವಾಗ ಇರುತ್ತಿರಲಿಲ್ಲ ಎಂಬುದನ್ನು ಮೊದಲು ಗಮನಿಸಿದವಳು ಹೆಂಡತಿ.

ಇಷ್ಟು ಉಲನ್ ಇಟ್ಟುಕೊಂಡ ಮನುಷ್ಯ ಹುಟ್ಟಿದ ಮೊಮ್ಮಗಳಿಗೆ ಒಂದು ಹೊದಿಕೆ ಮುಗಿಸಿಕೊಟ್ಟರೇ? ಇಲ್ಲ. ಹೆಣೆಯುವುದು, ಅರ್ಧಕ್ಕೆ ಬಂದಾಗ ಎತ್ತಿ ಹಿಡಿದು ನೋಡುವುದು, "ಹೂಂಹೂಂ" ಎಂದು ಪೂರಾ ಬಿಚ್ಚಿಬಿಡುವುದು. ಮಗು ಹೊಸ್ತಿಲು ದಾಟಿತು, ಹಲ್ಲು ಬಂದವು, ಓಡಾಡಿತು. ಮಗಳು ಕೇಳುವುದನ್ನೇ ಬಿಟ್ಟಳು. ಹಾಗೆಂದು ಅವರು ಏನೂ ಮುಗಿಸುತ್ತಿರಲಿಲ್ಲವೆಂದಲ್ಲ. ಕಿತ್ತೂರಿನ ಒಬ್ಬ ಡಾಕ್ಟರರಿಗೆ ಅರ್ಧತೋಳಿನ ಸ್ವೆಟರು, ಬಸ್ ಸ್ಟ್ಯಾಂಡಿನ ಕಾವಲುಗಾರನಿಗೆ ಕಿವಿಮುಚ್ಚುವ ಟೊಪ್ಪಿಗೆ, ಎದುರಿನ ಅಂಗಡಿಯವರ ಅಮ್ಮನಿಗೆ, ಹೌದು, ಎದುರಿನ ಅಂಗಡಿಯವರ ಅಮ್ಮನಿಗೆ, ಮಂಡಿನೋವಿಗೆ ಬೆಚ್ಚಗಿರಲೆಂದು ಮಂಡಿ ದಾಟುವ ಕಾಲುಚೀಲ. ಹೊರಗಿನವರಿಗೆ ಹಾಕಿದ್ದು ಒಂದೇ ಸಲಕ್ಕೆ ಸರಿಬರುತ್ತಿತ್ತು. ಮನೆಯವರಿಗೆ ಹಾಕಿದ್ದು ಮಾತ್ರ ಎಂದೂ ಅವರ ಮನಸ್ಸಿಗೆ ಬರುತ್ತಿರಲಿಲ್ಲ.

ರೆಡಿಮೇಡ್ ಸ್ವೆಟರು ಫೋನಿನಲ್ಲೇ ತರಿಸುವ ಕಾಲ ಬಂದು ಅಂಗಡಿ ಸೊರಗಿತು. ಬಲಗಡೆ ಖಾಲಿ ಮಾಡಿ ರೆಡಿಮೇಡ್ ಇಡೋಣ ಎಂದು ನಾನು ಹಠ ಹಿಡಿದೆ. ಈ ಸಲ ಅಕ್ಕನೂ ನನ್ನ ಕಡೆ ನಿಂತಳು. ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯನ್ನು ಹಿಡಿದೆ. ಇದ್ದಬಿದ್ದ ಉಲನ್ ಎಲ್ಲ ಒಂದೇ ಸಲಕ್ಕೆ ಒಯ್ಯುತ್ತೇನೆ ಎಂದ. ಮಾಮಾ ಒಂದು ದಿನ ಊಟ ಬಿಟ್ಟು, ಮರುದಿನ "ಆತು" ಎಂದರು.

ವ್ಯಾಪಾರಿ ಬಂದ ದಿನ ನಾನು ಯಾವುದೋ ಲಗ್ನಕ್ಕೆ ಕಿತ್ತೂರಿಗೆ ಹೋಗಲೇಬೇಕಾಗಿತ್ತು. ಹೋಗಬಾರದಿತ್ತು. ಸಂಜೆ ಬಂದು ನೋಡುತ್ತೇನೆ, ಖಾನೆಗಳು ಖಾಲಿಯಾಗಿಲ್ಲ. ಅಷ್ಟೇ ಅಲ್ಲ, ಗಾದಿಯ ಪಕ್ಕ ಹೊಸದೊಂದು ಗಂಟು ಇದೆ.

"ಅವರು ಬರಲಿಲ್ಲೇನು?"

"ಬಂದಿದ್ರು. ಬಾಳ ತಿಳಿದ ಮನಷ್ಯಾ. ಒಂದೊಂದ ತಗದು ತೋರಿಸಿದೆ. 'ಇಂಥಾ ಮಾಲು ಮಾರಬ್ಯಾಡ್ರಿ ಯಜಮಾನ್ರ, ನಾ ಒಯ್ದು ಬರೇ ಕಿಲೋ ಲೆಕ್ಕದಾಗ ಹಾಕಾಂವ' ಅಂದ್ರು."

"ಈ ಗಂಟು?"

ಮಾಮಾನ ಮುಖ ಕೆಂಪಾಯಿತು. "ಅವರ ಗಾಡ್ಯಾಗ ಇತ್ತು. ನಮ್ಮ ಬೂದಿ ಬಣ್ಣಕ್ಕ ಜೋಡಿ ಆಗೂವಂಥಾದ್ದು. ಇದ ಬಣ್ಣ ಮತ್ತ..."

"ಬರೂದಿಲ್ಲ!" ಎಂದು ಕಿರುಚಿದೆ. ಬಜಾರು ತಿರುಗಿ ನೋಡಿತು. ಕೊಳ್ಳಲು ಬಂದವನಿಂದಲೇ ಕೊಂಡ ಮನುಷ್ಯನನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿ ಮನೆಗೆ ಹೋದೆ.

ಅಂದಿನಿಂದ ಮಾತು ಬಿಟ್ಟೆ. ಒಂದೇ ಅಂಗಡಿ, ನಾನು ಎಡಗಡೆ, ಅವರು ಬಲಗಡೆ. ಗಿರಾಕಿಗಳ ಮುಖಾಂತರ ಮಾತು. "ನಮ್ಮ ಮಾಮಾಗ ಹೇಳ್ರಿ, ಚಿಲ್ಲರ ಬೇಕಂತ." ಅವರಿಗೆ ಇದು ಶಿಕ್ಷೆ ಅನ್ನಿಸಿತೋ ಇಲ್ಲವೋ. ಮಾತಿಲ್ಲದ್ದರಿಂದ ಸಾಲು ಬೇಗ ಮುಗಿಯುತ್ತಿದ್ದವು ಎಂದೇ ನನ್ನ ಅನುಮಾನ.

ಆ ಮೌನ ಮುರಿದದ್ದು ಅಂಗಡಿಯ ಬಾಗಿಲಲ್ಲಿ. ಒಂದು ಬೆಳಿಗ್ಗೆ ನಾನು ಬರುವಾಗ ಮಾಮಾ ಶಟರಿನ ಮುಂದೆ ಬಗ್ಗಿ ನಿಂತಿದ್ದರು. ಕೀಲಿಕೈ ಕೀಲಿಯ ಬಾಯಿಗೆ ಹೋಗುತ್ತಿರಲಿಲ್ಲ. ಬೆರಳು ನಡುಗುತ್ತಿದ್ದವು. ಕೀಲಿಕೈ ಇಸಕೊಂಡು ನಾನೇ ತೆಗೆದೆ. "ಒಳಗ ನಡೀರಿ ಮಾಮಾ," ಎಂದೆ. ಬೆಳಗಾವಿಯ ದೊಡ್ಡ ಡಾಕ್ಟರರಿಗೆ ತೋರಿಸಿದೆವು. ನರದ ತೊಂದರೆ, ಗುಳಿಗೆ ತಗೊಳ್ಳಿ, ಹೆಚ್ಚಾಗದಂತೆ ನೋಡಬಹುದು, ಪೂರಾ ಹೋಗುವುದಿಲ್ಲ ಎಂದರು. ಹೆಣಿಕೆ ನಿಂತಿತು. ಕೈಯಲ್ಲಿ ಸೂಜಿ ಹಿಡಿದರೆ ಕುಣಿಕೆಗಳು ಜಾರುತ್ತಿದ್ದವು.

ನನಗೆ ಕೆಟ್ಟೆನಿಸಿತು, ಖರೆ. ಹಾಗೆಯೇ, ಇನ್ನಾದರೂ ಉಲನ್ ಬರುವುದು ನಿಂತೀತು ಎಂದೂ ಅನ್ನಿಸಿತು. ಡಾಕ್ಟರರ ಹತ್ತಿರ ಹೋಗಿಬಂದ ಸ್ವಲ್ಪ ದಿನಕ್ಕೆ ಟ್ರಾನ್ಸ್‌ಪೋರ್ಟಿನವನು ಬಂದು ಲುಧಿಯಾನಾದ ಪಾರ್ಸೆಲ್ ಇಳಿಸಿ ಹೋದ.

"ಮಾಮಾ," ಎಂದೆ, ಸಿಟ್ಟಿಗೂ ಶಕ್ತಿ ಇಲ್ಲದೆ. "ಹೆಣಿಯಾಕ ಬರೂದಿಲ್ಲ. ಮಾರಾಕ ಮನಸಿಲ್ಲ. ಮತ್ತ ಇದು ಯಾಕ?"

ಅವರು ಪಾರ್ಸೆಲ್ಲಿನ ಮೂಲೆ ಹರಿದು, ಒಳಗೆ ಕೈಹಾಕಿ, ನಡುಗುವ ಬೆರಳನ್ನು ಅಲ್ಲೇ ಇಟ್ಟುಕೊಂಡು ಕೂತರು.

"ಇನ್ನೂ ಸರಿಯಾದ್ದು ಸಿಕ್ಕಿಲ್ಲ, ತಮ್ಮಾ."

ಯಾವುದಕ್ಕೆ ಸರಿಯಾದದ್ದು ಎಂದು ನಾನು ಕೇಳಲಿಲ್ಲ. ಕೇಳಿದರೆ ಅರ್ಧ ದಿನ ಬಣ್ಣದ ಪಾಕದ ಬಗ್ಗೆ ಕೇಳಬೇಕಾಗುತ್ತದೆ ಎಂದು ಯೂನಿಫಾರ್ಮ್ ಬಟ್ಟೆ ಅಳೆಯಲು ಹೋದೆ.

ಹೋದ ಚಳಿಗಾಲದ ಒಂದು ಮುಂಜಾನೆ ಸ್ನಾನ ಮಾಡಿ, ಮನೆಯ ಮುಂದಿನ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದವರು ಹಾಗೆಯೇ ಗೋಡೆಗೆ ಒರಗಿದರು. ಅಕ್ಕ ಚಹಾ ತರುವುದರೊಳಗೆ ಮುಗಿದಿತ್ತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಅಕ್ಕನೇ ಹೇಳಿದಳು, "ಉಲನ್ ತಗೀ, ತಮ್ಮಾ. ನನಗ ನೋಡಾಕ ಆಗವಲ್ದು." ಹುಬ್ಬಳ್ಳಿಯ ಅದೇ ವ್ಯಾಪಾರಿಗೆ ಫೋನ್ ಮಾಡಿದೆ. ಟೆಂಪೋ ತರುತ್ತೇನೆ ಎಂದ. ಅಂಗಡಿಯದು, ಮನೆಯದು, ನಮ್ಮ ಅಟ್ಟದ್ದು, ಎಲ್ಲವನ್ನೂ ಅಕ್ಕನ ನಡುಮನೆಗೆ ತಂದು ಸುರಿದೆ. ಕಾಲಿಡಲು ಜಾಗವಿರಲಿಲ್ಲ. ವ್ಯಾಪಾರಿ ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತ. ನಾನು ಮೊದಲ ಚೀಲ ಎತ್ತಿದೆ.

"ತಡಿ," ಎಂದಳು ಅಕ್ಕ.

ಚೀಲದ ಬಾಯಿ ಬಿಚ್ಚಿ ಒಂದು ಉಂಡೆ ತೆಗೆದು, ಬಳೆ ಹಿಂದೆ ಸರಿಸಿ, ಮುಂಗೈಯ ಒಳಮಗ್ಗುಲಿಗೆ ಒತ್ತಿ ತಿಕ್ಕಿದಳು. ಪಕ್ಕಕ್ಕೆ ಇಟ್ಟಳು. ಇನ್ನೊಂದು ತೆಗೆದಳು.

"ಏನ್ ಮಾಡಾಕ ಹತ್ತಿ ಅಕ್ಕಾ?"

"ಲಗ್ನಾದ ವರ್ಷ ನನಗೊಂದು ಸ್ವೆಟರ್ ಹಾಕಿದ್ರು," ಎಂದಳು ಉಂಡೆಯನ್ನೇ ನೋಡುತ್ತ. "ಹಸರು. ಹಾಕ್ಕೊಂಡೆ. ಕೊರಳೆಲ್ಲಾ ಕೆಂಪಾತು. ಚುಚ್ಚತೈತ್ರಿ ಅಂದೆ. ಅವತ್ತ ಕುಂತು ಎಲ್ಲಾ ಬಿಚ್ಚಿಬಿಟ್ರು. ಚುಚ್ಚಲಾರದ್ದು ತರತೇನಿ ಅಂದ್ರು. ಆವಾಗಿಂದ ಯಾ ಹೊಸಾದು ಬಂದ್ರೂ ನನ್ನ ಕೈ ಹಿಡದು, ಇಲ್ಲಿ ಹಿಂಗ ಒತ್ತಿ ಕೇಳತಿದ್ರು, ಚುಚ್ಚತೈತೇನು ಅಂತ."

"ಪ್ರತೀ ಸಲಾ?"

"ಪ್ರತೀ ಸಲಾ."

"ನೀ ಏನಂತಿದ್ದಿ?"

"ಚುಚ್ಚತೈತಿ ಅಂತಿದ್ದೆ."

ನಾನು ನಡುಮನೆಯ ರಾಶಿಯನ್ನು ಒಮ್ಮೆ ನೋಡಿದೆ. "ಇಷ್ಟೂ ಚುಚ್ಚತಿದ್ದೂ?"

ಅಕ್ಕ ಇನ್ನೊಂದು ಉಂಡೆ ತಿಕ್ಕಿದಳು. "ಮದಲ ಚುಚ್ಚತಿದ್ದೂ. ಆಮ್ಯಾಲ ಚೊಲೋ ಚೊಲೋವು ತರಾಕ ಹತ್ತಿದ್ರು. ಬೆಣ್ಣಿ ಇದ್ದಂಗ."

"ಮತ್ತ ಹೇಳಬಾರದಿತ್ತೇನು?"

"ಹೇಳಿದ್ರ ಒಂದು ಸ್ವೆಟರ್ ಹಾಕಿಕೊಟ್ಟು ಮುಗಿಸಿಬಿಡತಿದ್ರು. ಅಂಗಡ್ಯಾಗ ಹಗಲೆಲ್ಲಾ ಮಂದಿ ಕೂಡ ಇರತಿದ್ರು. ಮನಿ ಒಳಗೂ ಕಣ್ಣು ಸೂಜೀ ಮ್ಯಾಲ. ನನ್ನ ಕೈ ಹಿಡದು, ಮಾರಿ ನೋಡಿ ಕೇಳೂದು ಅದೊಂದ ಮಾತು ಇತ್ತು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೆಂಗ ಬಿಡಲಿ?"

ಹೋದವರ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಇದ್ದವಳ ಮೇಲೆ ತಿರುಗಿತು. ಹಪ್ಪಳ ಸಂಡಿಗೆ ಕೆಳಗಿಳಿದದ್ದು, ಬಾಣಂತಿ ಅತ್ತದ್ದು, ನಾನು ಬಜಾರಿನಲ್ಲಿ ಕಿರುಚಿ ಮಾತುಬಿಟ್ಟದ್ದು, ಎಲ್ಲವೂ ನನ್ನ ಒಡಹುಟ್ಟಿದ ಅಕ್ಕನ ಒಂದು ಸುಳ್ಳಿನಿಂದ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆದರೆ ಅಕ್ಕನ ಮುಂಗೈ ತಿಕ್ಕಿ ತಿಕ್ಕಿ ಕೆಂಪಾಗುತ್ತಿತ್ತು. ನಾನು ಚೀಲ ಕೆಳಗಿಟ್ಟು ಅವಳ ಎದುರಿಗೆ ಕೂತು ಉಂಡೆಗಳನ್ನು ಒಂದೊಂದಾಗಿ ಕೊಡತೊಡಗಿದೆ.

ಚುಚ್ಚುವವು ಬಾಗಿಲ ಕಡೆ, ಚುಚ್ಚದವು ಒಳಗೆ. ಹೊತ್ತು ಇಳಿಯುವವರೆಗೆ ಇದೇ ನಡೆಯಿತು. ವ್ಯಾಪಾರಿ ಎದ್ದು ಬಂದು ನೋಡಿ, ಮತ್ತೆ ಹೋಗಿ ಕೂತ. ಕೊನೆಗೆ ಟೆಂಪೋದಲ್ಲಿ ಹೋದದ್ದು ನಾನು ಎತ್ತುಗಳಿಗೆಂದು ತರಿಸಿದ ಒರಟು ಉಲನ್ ಚೀಲಗಳು ಅಷ್ಟೇ. ಉಳಿದದ್ದೆಲ್ಲ ಉಳಿಯಿತು.

"ಇಷ್ಟೆಲ್ಲಾ ಇಟಗೊಂಡು ಏನ್ ಮಾಡ್ತಿ? ನಿನಗ ಒಂದು ಕುಣಿಕಿ ಹಾಕಾಕ ಬರೂದಿಲ್ಲ," ಎಂದೆ.

"ಬರೂದಿಲ್ಲ," ಎಂದಳು ಅಕ್ಕ. "ಪಂಚಮಿಗೆ ಮಗಳು ಕೂಸಿನ ಕರ್ಕೊಂಡು ಬರತಾಳ. ಕ್ವಾಣಿ ಬೇಕು. ಸದ್ಯೇಕ ನಿಮ್ಮ ಅಟ್ಟದಾಗ ಇಡು."

ಟಂಟಂ ಕರೆಸಿದೆ. ದೀಪ ಹಚ್ಚುವ ಹೊತ್ತಿಗೆ ಮನೆಯ ಮುಂದೆ ನಿಲ್ಲಿಸಿ, ಮೊದಲ ಚೀಲ ಹೆಗಲ ಮೇಲೆ ಹೊತ್ತು ಒಳಗೆ ಬಂದೆ. ಹೆಂಡತಿ ಆಗಷ್ಟೇ ಖಾಲಿಯಾದ ಅಟ್ಟ ಗುಡಿಸಿ ಇಳಿಯುತ್ತಿದ್ದಳು. ಕೈಯಲ್ಲಿ ಕಸಬರಿಗೆ. ನನ್ನನ್ನು ನೋಡಿದಳು, ಚೀಲ ನೋಡಿದಳು, ಹೊರಗಿನ ಗಾಡಿ ನೋಡಿದಳು. ನಾನು ಅಕ್ಕ ಹೇಳಿದ್ದನ್ನೆಲ್ಲ ಅಲ್ಲಿಯೇ ನಿಂತು, ಚೀಲ ಹೊತ್ತುಕೊಂಡೇ ಹೇಳಿದೆ. ಅವಳು ಪೂರಾ ಕೇಳಿದಳು. ಆಮೇಲೆ ಕಸಬರಿಗೆ ಮೂಲೆಗಿಟ್ಟು, ಅಡುಗೆಮನೆಗೆ ಹೋಗಿ ಉಲನ್ನಿಗೆ ಹುಳ ಹತ್ತದಂತೆ ಇಡುವ ಡಾಂಬರ ಗುಳಿಗೆಯ ಪೊಟ್ಟಣ ತಂದು ನನ್ನ ಅಂಗಿಯ ಕಿಸೆಯಲ್ಲಿ ಇಟ್ಟು, ಏಣಿ ಹಿಡಿದು ನಿಂತಳು.